ವೆಂಟ್ ಎಲ್ಲಿ, ಗಾನ್ ಎಲ್ಲಿ? ಇಂಗ್ಲಿಷ್ ಕ್ರಿಯಾಪದಗಳ ವಿ-2, ವಿ-3 ರೂಪ ಬಳಸುವ ಸಮಗ್ರ ಮಾರ್ಗದರ್ಶಿ

ಧಾರವಾಡದ ಸಪ್ತಾಪುರ ಕಡೆಯ ಕೋಚಿಂಗ್ ಕ್ಲಾಸುಗಳಿಗೆ ಹೋಗುವ ಹುಡುಗ ಹುಡುಗಿಯರಿಗೆ 'ಗೋ, ವೆಂಟ್, ಗಾನ್' ಬಾಯಿಪಾಠ ಇರುತ್ತದೆ. ರೂಮಿನ ಗೋಡೆಗೆ ಚಾರ್ಟ್ ಅಂಟಿಸಿರುತ್ತಾರೆ. ಯಾವ ಪದ ಕೇಳಿದರೂ ಮೂರೂ ರೂಪ ತಡವರಿಸದೆ ಹೇಳುತ್ತಾರೆ. ಆದರೆ ಪರೀಕ್ಷೆಯಲ್ಲಿ 'ಐ ಹ್ಯಾವ್ ವೆಂಟ್' ಎಂದು ಬರೆದು ಬರುತ್ತಾರೆ. ಹುಬ್ಬಳ್ಳಿಯಲ್ಲಿ ಇಂಟರ್‌ವ್ಯೂಗೆ ಕೂತಾಗ 'ಐ ಡಿಡ್ ನಾಟ್ ವೆಂಟ್' ಎನ್ನುತ್ತಾರೆ.

ಅಂದರೆ ತೊಂದರೆ ನೆನಪಿನ ಶಕ್ತಿಯದ್ದಲ್ಲ. ಪಟ್ಟಿ ಗೊತ್ತಿದೆ, ಪಟ್ಟಿಯಿಂದ ಯಾವುದನ್ನು ಎತ್ತಿಕೊಳ್ಳಬೇಕು ಅನ್ನೋದು ಗೊತ್ತಿಲ್ಲ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಕ್ರಮ ಉಲ್ಟಾ ಇದೆ. ಮೊದಲು ಆರಿಸುವುದನ್ನು ಕಲಿಯೋಣ, ಪಟ್ಟಿ ಆಮೇಲೆ. ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ. ನಾಲ್ಕನೇ ಹಂತಕ್ಕೆ ನೇರವಾಗಿ ಜಿಗಿದರೆ ಮತ್ತೆ ಹಳೇ ಜಾಗಕ್ಕೇ ಬಂದು ನಿಲ್ಲುತ್ತೀರಿ.

## ಏನೇನು ಬೇಕು

ಒಂದು ಇನ್ನೂರು ಪುಟದ ನೋಟ್‌ಬುಕ್. ಎರಡು ಬಣ್ಣದ ಪೆನ್. ಉಚ್ಚಾರಣೆ ಕೇಳಿಸುವ ಇಂಗ್ಲಿಷ್ ಡಿಕ್ಷನರಿ ಆ್ಯಪ್. ಫೋನಿನಲ್ಲಿರುವ ವಾಯ್ಸ್ ರೆಕಾರ್ಡರ್. ಇಷ್ಟು ಸಾಕು.

ಇಲ್ಲಿ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನೀವು ನೋಟ್‌ಬುಕ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಸ್ಪೆಲಿಂಗ್ ಅನ್ನು ಡಿಕ್ಷನರಿಯಲ್ಲಿ ನೋಡಿಕೊಳ್ಳಿ. ಶಾಲೆಯಲ್ಲಿ ಹೇಳುವ ಹಾಗೆ ಮೂಲ ರೂಪ ವಿ-1, ಭೂತಕಾಲದ ರೂಪ ವಿ-2, ಪಾಸ್ಟ್ ಪಾರ್ಟಿಸಿಪಲ್ ವಿ-3.

## ಹಂತ 1: ಒಂದೊಂದು ರೂಪಕ್ಕೂ ಅದರದೇ ಕೆಲಸ

ವಿ-2 ಒಂಟಿಯಾಗಿ ನಿಲ್ಲುತ್ತದೆ. ಅದಕ್ಕೆ ಯಾವ ಸಹಾಯಕ ಪದವೂ ಬೇಡ. 'ಶಿ ವೆಂಟ್', 'ದೇ ಕೇಮ್', 'ಐ ಸಾ' ಎಂದರೆ ವಾಕ್ಯ ಪೂರ್ತಿಯಾಯಿತು.

ವಿ-3 ಒಂಟಿಯಾಗಿ ವಾಕ್ಯ ನಡೆಸಲಾರದು. ಅದಕ್ಕೆ ಹ್ಯಾವ್, ಹ್ಯಾಸ್, ಹ್ಯಾಡ್ ಇಲ್ಲವೇ ಈಸ್, ಆರ್, ವಾಸ್, ವರ್, ಬೀನ್ ತರಹದ ಪದ ಬೇಕೇ ಬೇಕು. 'ಐ ಸೀನ್ ಇಟ್' ತಪ್ಪು. 'ಐ ಹ್ಯಾವ್ ಸೀನ್ ಇಟ್' ಸರಿ.

ಇನ್ನೊಂದು ಮಾತು. ವಿ-3 ಅಂದರೆ ಭೂತಕಾಲವೇ ಆಗಬೇಕಿಲ್ಲ. 'ಬ್ಯಾಡಗಿ ಚಿಲ್ಲೀಸ್ ಆರ್ ಗ್ರೋನ್ ಇನ್ ಹಾವೇರಿ ಡಿಸ್ಟ್ರಿಕ್ಟ್' ಎಂಬ ವಾಕ್ಯ ನೋಡಿ. ಮೆಣಸಿನಕಾಯಿಯನ್ನು ಇವತ್ತಿಗೂ ಬೆಳೆಯುತ್ತಾರೆ, ವಾಕ್ಯ ವರ್ತಮಾನದ್ದು. ಆದರೂ ಗ್ರೋನ್ ಎಂಬ ವಿ-3 ಬಂದಿದೆ. ಕಾಲ ಹೇಳುವುದು 'ಆರ್'. ವಿ-3 ಕೆಲಸ ಯಾವುದು ಅಂತ ಮಾತ್ರ ಹೇಳುತ್ತದೆ.

## ಹಂತ 2: ಎಡಕ್ಕೆ ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದಲು ಸಮಯವಿದ್ದರೆ ಇದನ್ನು ಓದಿ.

ಕನ್ನಡದಲ್ಲಿ ಸಹಾಯಕ ಭಾಗ ಕ್ರಿಯಾಪದದ ಕೊನೆಗೆ ಅಂಟಿಕೊಳ್ಳುತ್ತದೆ. ಬಂದಿದ್ದೇನೆ, ಬಂದಿದ್ದೆ, ಬರಲಿಲ್ಲ. ಇಂಗ್ಲಿಷ್‌ನಲ್ಲಿ ಅದು ಕ್ರಿಯಾಪದದ ಎಡಕ್ಕೆ, ಬೇರೆ ಪದವಾಗಿ ನಿಲ್ಲುತ್ತದೆ. ಹಾಗಾಗಿ ಕ್ರಿಯಾಪದದ ರೂಪ ತೀರ್ಮಾನಿಸುವ ಮೊದಲು ಅದರ ಎಡಗಡೆ ಯಾವ ಸಹಾಯಕ ಪದ ಇದೆ ನೋಡಬೇಕು. ಒಂದಕ್ಕಿಂತ ಜಾಸ್ತಿ ಇದ್ದರೆ ತೀರಾ ಹತ್ತಿರದ್ದು ಹೇಳಿದಂತೆ ನಡೆಯಬೇಕು.

ಎಡಕ್ಕೆ ಡಿಡ್, ಡಿಡ್ ನಾಟ್, ಟು, ಕ್ಯಾನ್, ಕುಡ್, ವಿಲ್, ವುಡ್, ಶುಡ್, ಮಸ್ಟ್, ಮೇ ಇದ್ದರೆ ವಿ-1. 'ಡಿಡ್ ನಾಟ್ ಗೋ', 'ಕುಡ್ ಸೀ', 'ವಾಂಟೆಡ್ ಟು ಬೈ'. ಭೂತಕಾಲವನ್ನು ಡಿಡ್ ಆಗಲೇ ಹೊತ್ತುಕೊಂಡಿದೆ, ಅದನ್ನು ಮತ್ತೆ ಕ್ರಿಯಾಪದದ ಮೇಲೆ ಹೇರಬಾರದು.

ಎಡಕ್ಕೆ ಹ್ಯಾವ್, ಹ್ಯಾಸ್, ಹ್ಯಾಡ್, ಹ್ಯಾವಿಂಗ್ ಇದ್ದರೆ ವಿ-3. 'ಹ್ಯಾಸ್ ಗಾನ್', 'ಹ್ಯಾಡ್ ರಿಟನ್'.

ಎಡಕ್ಕೆ ಆ್ಯಮ್, ಈಸ್, ಆರ್, ವಾಸ್, ವರ್, ಬೀ, ಬೀನ್ ಇದ್ದರೆ ವಿ-3 ಅಥವಾ ಇಂಗ್ ರೂಪ. ಕೆಲಸ ಮಾಡುತ್ತಿದ್ದರೆ ಇಂಗ್, ಕೆಲಸ ಮಾಡಿಸಿಕೊಂಡರೆ ವಿ-3. 'ವಾಸ್ ಈಟಿಂಗ್' ಎಂದರೆ ತಿನ್ನುತ್ತಿದ್ದ. 'ವಾಸ್ ಈಟನ್' ಎಂದರೆ ಯಾರೋ ಅದನ್ನು ತಿಂದರು. ವಿ-2ಕ್ಕೆ ಇಲ್ಲಿ ಜಾಗವೇ ಇಲ್ಲ.

ಎಡಕ್ಕೆ ಏನೂ ಇಲ್ಲದೆ ಕರ್ತೃ ಮಾತ್ರ ಇದ್ದು, ಮುಗಿದ ಕಾಲದ ಮಾತಾದರೆ ವಿ-2.

'ಹತ್ತಿರದ್ದು ಹೇಳಿದಂತೆ' ಅಂದದ್ದೇಕೆ? 'ಐ ಶುಡ್ ಹ್ಯಾವ್ ಟೇಕನ್ ದ ಬಸ್' ನೋಡಿ. ಶುಡ್ ಕೂಡ ಇದೆ, ಹ್ಯಾವ್ ಕೂಡ ಇದೆ. ಹತ್ತಿರದ್ದು ಹ್ಯಾವ್, ಹಾಗಾಗಿ ಟೇಕನ್. 'ಐ ಹ್ಯಾವ್ ಟು ಗೋ' ನೋಡಿ. ಹ್ಯಾವ್ ಇದ್ದರೂ ಹತ್ತಿರದ್ದು ಟು, ಹಾಗಾಗಿ ಗೋ. 'ದ ಪ್ರೈಸ್ ವಿಲ್ ಬೀ ಗಿವನ್' ನೋಡಿ. ವಿಲ್ ಇದ್ದರೂ ಹತ್ತಿರದ್ದು ಬೀ, ಹಾಗಾಗಿ ಗಿವನ್.

ನಡುವೆ ಬರುವ ಕೆಲವು ಪದಗಳನ್ನು ದಾಟಿ ನೋಡಬೇಕು. ನೆವರ್, ಎವರ್, ಆಲ್ರೆಡಿ, ಜಸ್ಟ್, ಆಲ್ವೇಸ್, ನಾಟ್ ಇವೆಲ್ಲ ದಾರಿಯಲ್ಲಿ ನಿಂತವು, ಅಷ್ಟೇ. ಪ್ರಶ್ನೆಯಲ್ಲಾದರೆ ಕರ್ತೃವನ್ನೂ ದಾಟಬೇಕು. 'ಹ್ಯಾವ್ ಯು ಎವರ್ ಸೀನ್' ಎಂಬಲ್ಲಿ ಸೀನ್‌ನಿಂದ ಎಡಕ್ಕೆ ಹೋಗಿ. ಎವರ್ ದಾಟಿ, ಯು ದಾಟಿ, ಹ್ಯಾವ್ ಸಿಕ್ಕಿತು. ಹಾಗಾಗಿ ವಿ-3.

ನಮ್ಮವರು ಪ್ರಶ್ನೆಯಲ್ಲೇ ಜಾಸ್ತಿ ಎಡವುತ್ತಾರೆ, ಅದಕ್ಕೆ ಕಾರಣವೂ ಇದೆ. ನಿರಾಕರಣೆಯಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. 'ಹೋದೆ' ಎಂಬುದು 'ಹೋಗಲಿಲ್ಲ' ಆಗುತ್ತದೆ. ಅದರಲ್ಲಿ 'ಹೋದ' ಎಂಬ ರೂಪ ಉಳಿಯುವುದಿಲ್ಲ, ಮೂಲದ 'ಹೋಗು' ವಾಪಸ್ ಬರುತ್ತದೆ. 'ಡಿಡ್ ನಾಟ್ ಗೋ' ಕೂಡ ಹಂಗೇ. ಆದರೆ ಪ್ರಶ್ನೆಯಲ್ಲಿ ನಾವು 'ಹೋದೆಯಾ?' ಎನ್ನುತ್ತೇವೆ, ಭೂತಕಾಲ ಹಾಗೇ ಉಳಿಯುತ್ತದೆ. ಅದನ್ನೇ ಇಂಗ್ಲಿಷ್‌ಗೆ ಇಳಿಸಿದರೆ 'ಡಿಡ್ ಯು ವೆಂಟ್?' ಆಗುತ್ತದೆ. ಪ್ರಶ್ನೆ ಕೇಳುವಾಗ ಡಿಡ್ ಬಾಯಿಂದ ಹೊರಟ ತಕ್ಷಣ ಒಂದು ಕ್ಷಣ ನಿಲ್ಲಿ, ಆಮೇಲೆ ಮೂಲ ರೂಪ ಹೇಳಿ: 'ಡಿಡ್ ಯು ಗೋ?'

## ಹಂತ 3: 'ಇದ್ದೇನೆ' ಮತ್ತು 'ಇದ್ದೆ' ಬಂದಾಗ ಎಚ್ಚರ

ಮೂರೂ ರೂಪ ಚೆನ್ನಾಗಿ ಬಲ್ಲವರೂ ಸೋಲುವ ಜಾಗ ಇದು. ಒಂದೊಂದಾಗಿ ಬಿಡಿಸೋಣ.

'ಬಂದೆ' ಎಂದರೆ 'ಐ ಕೇಮ್'. 'ಬಂದಿದ್ದೇನೆ' ಎಂದರೆ 'ಐ ಹ್ಯಾವ್ ಕಮ್'. 'ಬಂದಿದ್ದೆ' ಎಂದರೆ 'ಐ ಹ್ಯಾಡ್ ಕಮ್'. ನಿರಾಕರಣೆ ಇನ್ನೂ ಚೊಕ್ಕವಾಗಿದೆ. 'ಬರಲಿಲ್ಲ' ಎಂದರೆ 'ಡಿಡ್ ನಾಟ್ ಕಮ್'. 'ಬಂದಿಲ್ಲ' ಎಂದರೆ 'ಹ್ಯಾವ್ ನಾಟ್ ಕಮ್'. 'ಬಂದಿರಲಿಲ್ಲ' ಎಂದರೆ 'ಹ್ಯಾಡ್ ನಾಟ್ ಕಮ್'. ಈ ಆರನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಮುಕ್ಕಾಲು ಪಾಲು ಸಂದರ್ಭಕ್ಕೆ ಇದು ಸಾಕಾಗುತ್ತದೆ. ಉಳಿದ ಕಾಲು ಭಾಗದಲ್ಲಿ ನಾಲ್ಕು ಗುಂಡಿಗಳಿವೆ.

ಮೊದಲನೆಯದು. ಕನ್ನಡದಲ್ಲಿ 'ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆ' ಎನ್ನುವುದು ಸಹಜ. ಅದನ್ನು 'ಐ ಹ್ಯಾಡ್ ಗಾನ್ ಟು ಹುಬ್ಬಳ್ಳಿ ಯೆಸ್ಟರ್‌ಡೇ' ಎಂದು ಬರೆದುಬಿಡುತ್ತಾರೆ. ಇಂಗ್ಲಿಷ್‌ನಲ್ಲಿ ಹ್ಯಾಡ್ ಬರಬೇಕಾದರೆ ಎರಡು ಘಟನೆ ಬೇಕು, ಒಂದಕ್ಕಿಂತ ಇನ್ನೊಂದು ಮೊದಲು ಮುಗಿದಿರಬೇಕು. 'ನಾನು ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಬಿಟ್ಟಿತ್ತು' ಎಂಬ ವಾಕ್ಯ ತಗೊಳ್ಳಿ. 'ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್.' ಇಲ್ಲಿ ಹ್ಯಾಡ್ ಸರಿ. ಪರೀಕ್ಷಿಸಲು ಸುಲಭದ ದಾರಿ ಇದೆ. ಕನ್ನಡ ವಾಕ್ಯದಲ್ಲಿ 'ಅಷ್ಟೊತ್ತಿಗಾಗಲೇ' ಎಂಬ ಪದ ಸೇರಿಸಿ ನೋಡಿ. 'ಅಷ್ಟೊತ್ತಿಗಾಗಲೇ ರೈಲು ಬಿಟ್ಟಿತ್ತು' ಚೆನ್ನಾಗಿ ಕೂರುತ್ತದೆ. ಸುಮ್ನೆ ನಿನ್ನೆಯ ಸುದ್ದಿ ಹೇಳುವಾಗ 'ಅಷ್ಟೊತ್ತಿಗಾಗಲೇ ಹುಬ್ಬಳ್ಳಿಗೆ ಹೋಗಿದ್ದೆ' ಕೂರುವುದಿಲ್ಲ. ಕೂರದಿದ್ದರೆ ವಿ-2 ಹಾಕಿ: 'ಐ ವೆಂಟ್ ಟು ಹುಬ್ಬಳ್ಳಿ ಯೆಸ್ಟರ್‌ಡೇ.'

ಎರಡನೆಯದು. 'ಹೋದ ವರ್ಷ ನೋಡಿದ್ದೇನೆ' ಎಂದು ಕನ್ನಡದಲ್ಲಿ ಹೇಳಬಹುದು. ಇಂಗ್ಲಿಷ್‌ನಲ್ಲಿ ಹ್ಯಾವ್ ಜೊತೆ ಮುಗಿದುಹೋದ ಸಮಯದ ಪದ ಹಾಕಬಾರದು. ಯೆಸ್ಟರ್‌ಡೇ, ಲಾಸ್ಟ್ ಇಯರ್, ಟೂ ಡೇಸ್ ಅಗೋ, ಇನ್ 2019 ಇವು ಕಂಡರೆ ಹ್ಯಾವ್ ತೆಗೆದುಹಾಕಿ. 'ಐ ಹ್ಯಾವ್ ಸೀನ್ ದ ವೀರನಾರಾಯಣ ಟೆಂಪಲ್ ಇನ್ ಗದಗ' ಸರಿ. ಯಾವಾಗ ಅಂತ ಸೇರಿಸಿದಿರಾ? 'ಐ ಸಾ ದ ವೀರನಾರಾಯಣ ಟೆಂಪಲ್ ಲಾಸ್ಟ್ ಇಯರ್' ಆಗಬೇಕು. ಎವರ್, ನೆವರ್, ಆಲ್ರೆಡಿ, ಯೆಟ್, ಸೋ ಫಾರ್ ಇವು ಹ್ಯಾವ್ ಜೊತೆ ಚೆನ್ನಾಗಿ ಹೊಂದುತ್ತವೆ.

ಮೂರನೆಯದು. 'ಇದ್ದೆ' ಎಂದರೆ 'ವಾಸ್' ಎಂದು ಕಲಿತಿರುತ್ತೇವೆ. ಹಾಗಾಗಿ 'ಬಂದಿದ್ದ' ಎಂಬುದನ್ನು 'ಹಿ ವಾಸ್ ಕೇಮ್' ಎನ್ನುತ್ತಾರೆ. ಈ ತಪ್ಪು ನಮ್ಮ ಕಡೆ ಭಾಳ ಕೇಳಿಸುತ್ತದೆ. ವಾಸ್ ಪಕ್ಕದಲ್ಲಿ ಕೇಮ್, ವೆಂಟ್, ಟೋಲ್ಡ್ ಬಂದರೆ ನಿಲ್ಲಿ. 'ಹಿ ಕೇಮ್' ಎಂದಷ್ಟೇ ಹೇಳಿ. 'ಐ ವಾಸ್ ಟೋಲ್ಡ್' ಎಂಬುದು ವ್ಯಾಕರಣಕ್ಕೆ ಸರಿಯೇ, ಆದರೆ ಅದರ ಅರ್ಥ 'ನನಗೆ ಯಾರೋ ಹೇಳಿದರು' ಎಂದು. 'ನಾನು ಹೇಳಿದ್ದೆ' ಎನ್ನಲು ಹೋಗಿ ಹೀಗೆ ಹೇಳಿದರೆ ಅರ್ಥವೇ ತಲೆಕೆಳಗಾಗುತ್ತದೆ. ಇಂಟರ್‌ವ್ಯೂನಲ್ಲಿ ಇದು ದುಬಾರಿ ತಪ್ಪು.

ನಾಲ್ಕನೆಯದು. 'ಹಂಪಿಗೆ ಹೋಗಿದ್ದೀರಾ?' ಎಂದು ಎದುರಿಗಿರುವವರನ್ನು ಕೇಳುವಾಗ 'ಹ್ಯಾವ್ ಯು ಗಾನ್' ಬೇಡ. 'ಹ್ಯಾವ್ ಯು ಎವರ್ ಬೀನ್ ಟು ಹಂಪಿ?' ಎನ್ನಿ. ಹೋಗಿ ಬಂದಿದ್ದರೆ ಬೀನ್. ಹೋದವರು ಇನ್ನೂ ಅಲ್ಲೇ ಇದ್ದರೆ ಗಾನ್. 'ಮೈ ಬ್ರದರ್ ಹ್ಯಾಸ್ ಗಾನ್ ಟು ಹಾವೇರಿ' ಎಂದರೆ ಅಣ್ಣ ಇನ್ನೂ ಮನೆಗೆ ಬಂದಿಲ್ಲ.

## ಹಂತ 4: ಈಗ ಪಟ್ಟಿ, ಆದರೆ ಅಕ್ಷರಮಾಲೆಯ ಕ್ರಮದಲ್ಲಿ ಅಲ್ಲ

ಅಂಗಡಿಯಲ್ಲಿ ಸಿಗುವ ಚಾರ್ಟ್ 'ಅರೈಸ್, ಅರೋಸ್, ಅರಿಸನ್' ಎಂದು ಶುರುವಾಗುತ್ತದೆ. ದಿನಕ್ಕೆ ಒಂದು ಸಲವೂ ಬೇಕಾಗದ ಪದ ಅದು. ಹಾಗೆ ಕಲಿತರೆ ಗಿವ್, ಗೋ, ಟೇಕ್ ಬರುವ ಹೊತ್ತಿಗೆ ಉತ್ಸಾಹ ಕರಗಿರುತ್ತದೆ. ಬೀ, ಹ್ಯಾವ್, ಡೂ, ಸೇ, ಗೋ, ಗೆಟ್, ಮೇಕ್, ಟೇಕ್, ಸೀ, ಕಮ್, ನೋ, ಥಿಂಕ್, ಗಿವ್ ಇವು ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರಿಯಾಪದಗಳು. ಇವೆಲ್ಲವೂ ಅನಿಯಮಿತವೇ, ಅಂದರೆ ಕೊನೆಗೆ 'ಎಡ್' ಸೇರಿಸಿದರೆ ವಿ-2, ವಿ-3 ಆಗುವಂಥವಲ್ಲ. ಮೊದಲು ಇವನ್ನು ಮುಗಿಸಿ. ಆಮೇಲೆ ಗುಂಪು ಕಟ್ಟಿ.

ಮೂರೂ ಒಂದೇ: ಕಟ್, ಪುಟ್, ಹಿಟ್, ಲೆಟ್, ಸೆಟ್, ಶಟ್, ಕಾಸ್ಟ್, ಹರ್ಟ್. ಇಲ್ಲಿ ಒಂದೇ ಎಚ್ಚರ: ಕಟ್ಟೆಡ್, ಪುಟ್ಟೆಡ್ ಎನ್ನಬೇಡಿ.

ವಿ-2, ವಿ-3 ಒಂದೇ: ಕೀಪ್-ಕೆಪ್ಟ್, ಸ್ಲೀಪ್-ಸ್ಲೆಪ್ಟ್, ಫೀಲ್-ಫೆಲ್ಟ್, ಮೀಟ್-ಮೆಟ್, ಲೀವ್-ಲೆಫ್ಟ್. ಸೆಂಡ್-ಸೆಂಟ್, ಸ್ಪೆಂಡ್-ಸ್ಪೆಂಟ್, ಬಿಲ್ಡ್-ಬಿಲ್ಟ್. ಸೆಲ್-ಸೋಲ್ಡ್, ಟೆಲ್-ಟೋಲ್ಡ್. ಬೈ-ಬಾಟ್, ಬ್ರಿಂಗ್-ಬ್ರಾಟ್, ಟೀಚ್-ಟಾಟ್, ಕ್ಯಾಚ್-ಕಾಟ್, ಥಿಂಕ್-ಥಾಟ್.

ಈ ಎರಡು ಗುಂಪುಗಳಲ್ಲಿ ವಿ-2 ಹಾಕಬೇಕೋ ವಿ-3 ಹಾಕಬೇಕೋ ಎಂಬ ಚಿಂತೆಯೇ ಇಲ್ಲ. ಎರಡೂ ಒಂದೇ ತಾನೆ? ಹಾಗಾಗಿ ಇಲ್ಲಿ ಹೆಚ್ಚು ದಿನ ಕಳೆಯಬೇಡಿ. ನಿಮ್ಮ ಬೆವರೆಲ್ಲ ಮುಂದಿನ ಗುಂಪಿಗೆ ಮೀಸಲಿಡಿ.

ಮೂರೂ ಬೇರೆ: ಪರೀಕ್ಷೆಯಲ್ಲಿ ಕೇಳುವುದು, ಮಾತಿನಲ್ಲಿ ತಪ್ಪುವುದು ಇವೇ. ಇದರೊಳಗೂ ಸಣ್ಣ ಸಣ್ಣ ಕುಟುಂಬಗಳಿವೆ.

ಒಂದು ಕುಟುಂಬದಲ್ಲಿ ಸ್ವರ ಇ, ಆ್ಯ, ಅ ಎಂದು ಬದಲಾಗುತ್ತದೆ: ಸಿಂಗ್-ಸ್ಯಾಂಗ್-ಸಂಗ್, ಡ್ರಿಂಕ್-ಡ್ರ್ಯಾಂಕ್-ಡ್ರಂಕ್, ಬಿಗಿನ್-ಬಿಗ್ಯಾನ್-ಬಿಗನ್, ಸ್ವಿಮ್-ಸ್ವ್ಯಾಮ್-ಸ್ವಮ್, ರಿಂಗ್-ರ‍್ಯಾಂಗ್-ರಂಗ್. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಬಗ್ಗೆ ಬರೆಯುವಾಗ 'ಹಿ ಸ್ಯಾಂಗ್'. ಎಡಕ್ಕೆ ಹ್ಯಾಡ್ ಬಂದರೆ 'ಹಿ ಹ್ಯಾಡ್ ಸಂಗ್'.

ಇನ್ನೊಂದು ಕುಟುಂಬ ವಿ-3ರಲ್ಲಿ 'ನ್' ಸದ್ದಿನಿಂದ ಮುಗಿಯುತ್ತದೆ: ರೈಟ್-ರೋಟ್-ರಿಟನ್, ಡ್ರೈವ್-ಡ್ರೋವ್-ಡ್ರಿವನ್, ಬ್ರೇಕ್-ಬ್ರೋಕ್-ಬ್ರೋಕನ್, ಸ್ಪೀಕ್-ಸ್ಪೋಕ್-ಸ್ಪೋಕನ್, ಚೂಸ್-ಚೋಸ್-ಚೋಸನ್, ಟೇಕ್-ಟುಕ್-ಟೇಕನ್, ಗಿವ್-ಗೇವ್-ಗಿವನ್, ಈಟ್-ಏಟ್-ಈಟನ್, ಫಾಲ್-ಫೆಲ್-ಫಾಲನ್, ನೋ-ನ್ಯೂ-ನೋನ್, ಗ್ರೋ-ಗ್ರೂ-ಗ್ರೋನ್, ಥ್ರೋ-ಥ್ರೂ-ಥ್ರೋನ್, ವೇರ್-ವೋರ್-ವೋರ್ನ್. ಗೋ-ವೆಂಟ್-ಗಾನ್, ಡೂ-ಡಿಡ್-ಡನ್, ಸೀ-ಸಾ-ಸೀನ್ ಕೂಡ ಇಲ್ಲೇ ಸೇರುತ್ತವೆ. ವಿ-3ರ ಕೊನೆಗೆ 'ನ್' ಕೇಳಿಸಿದರೆ ಎಡಕ್ಕೆ ಸಹಾಯಕ ಪದ ಇದೆಯೇ ಎಂದು ಕಿವಿಯೇ ಹುಡುಕುವಂತಾಗಬೇಕು.

ವಿ-1, ವಿ-3 ಒಂದೇ: ಕಮ್-ಕೇಮ್-ಕಮ್, ಬಿಕಮ್-ಬಿಕೇಮ್-ಬಿಕಮ್, ರನ್-ರ‍್ಯಾನ್-ರನ್. ಗುಂಪು ಸಣ್ಣದು, ತಪ್ಪು ದೊಡ್ಡದು. 'ಹಿ ಹ್ಯಾಸ್ ಕೇಮ್' ಎನ್ನುವವರಿಗೆ ಲೆಕ್ಕವಿಲ್ಲ. 'ಹಿ ಹ್ಯಾಸ್ ಕಮ್' ಸರಿ. ವೆಲ್‌ಕಮ್ ಮಾತ್ರ ಈ ಗುಂಪಿನದ್ದಲ್ಲ. ಅದು ವೆಲ್‌ಕಮ್ಡ್ ಆಗುತ್ತದೆ. ಕಾರ್ಯಕ್ರಮದ ವರದಿಯಲ್ಲಿ 'ವೆಲ್‌ಕೇಮ್' ಎಂದು ಬರೆಯಬೇಡಿ.

ನೋಟ್‌ಬುಕ್‌ನಲ್ಲಿ ವಿ-2 ಒಂದು ಬಣ್ಣದಲ್ಲಿ, ವಿ-3 ಇನ್ನೊಂದು ಬಣ್ಣದಲ್ಲಿ ಬರೆಯಿರಿ. ವಿ-3 ಬರೆಯುವಾಗ ಒಂಟಿಯಾಗಿ ಬರೆಯಲೇಬೇಡಿ. 'ಹ್ಯಾವ್ ಗಾನ್', 'ಹ್ಯಾವ್ ಸೀನ್', 'ಹ್ಯಾವ್ ಕಮ್' ಎಂದು ಜೋಡಿಯಾಗಿಯೇ ಬರೆಯಿರಿ, ಜೋಡಿಯಾಗಿಯೇ ಬಾಯಿಪಾಠ ಮಾಡಿ.

## ಹಂತ 5: ಒಂದರಂತೆ ಕಾಣುವ ಇನ್ನೊಂದು

ಬಾಟ್, ಬ್ರಾಟ್. ಕೊಂಡದ್ದು ಬಾಟ್, ತಂದದ್ದು ಬ್ರಾಟ್. ಕನ್ನಡದಲ್ಲಿ ಬರೆದು ನೋಡಿ. ಬ್ರಿಂಗ್‌ನಲ್ಲಿ ರ ಒತ್ತು ಇದೆ, ಬ್ರಾಟ್‌ನಲ್ಲೂ ಇದೆ. ಬೈಗೂ ಇಲ್ಲ, ಬಾಟ್‌ಗೂ ಇಲ್ಲ. ಲೈನ್ ಬಜಾರಿನಲ್ಲಿ ಪೇಡಾ 'ಬಾಟ್', ಮನೆಗೆ 'ಬ್ರಾಟ್'.

ಫೌಂಡ್, ಫೌಂಡೆಡ್. ಕಳೆದದ್ದು ಸಿಕ್ಕರೆ ಫೈಂಡ್-ಫೌಂಡ್-ಫೌಂಡ್. ಸಂಸ್ಥೆ ಕಟ್ಟಿದರೆ ಫೌಂಡ್-ಫೌಂಡೆಡ್-ಫೌಂಡೆಡ್. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 'ವಾಸ್ ಫೌಂಡೆಡ್ ಇನ್ 1890'. 'ವಾಸ್ ಫೌಂಡ್' ಎಂದರೆ ಕಳೆದುಹೋಗಿದ್ದ ಸಂಘ ಸಿಕ್ಕಿತು ಎಂದಾಗುತ್ತದೆ.

ಫ್ಲೋನ್, ಫ್ಲೋಡ್. ಹಾರಿದರೆ ಫ್ಲೈ-ಫ್ಲೂ-ಫ್ಲೋನ್. ನೀರು ಹರಿದರೆ ಫ್ಲೋ-ಫ್ಲೋಡ್-ಫ್ಲೋಡ್. ಮಳೆಗಾಲದಲ್ಲಿ ಉಣಕಲ್ ಕೆರೆ ಕೋಡಿ ಬಿದ್ದರೆ 'ಹ್ಯಾಸ್ ಓವರ್‌ಫ್ಲೋಡ್'. 'ಓವರ್‌ಫ್ಲೋನ್' ಅಲ್ಲ.

ಹಂಗ್, ಹ್ಯಾಂಗ್ಡ್. ಗೋಡೆಗೆ ಚಿತ್ರ ತೂಗುಹಾಕಿದರೆ ಹಂಗ್. ಗಲ್ಲಿಗೇರಿಸಿದರೆ ಹ್ಯಾಂಗ್ಡ್. ಸಂಗೊಳ್ಳಿ ರಾಯಣ್ಣ 'ವಾಸ್ ಹ್ಯಾಂಗ್ಡ್ ಇನ್ 1831'.

ಲೇ, ಲೇಡ್. ಮಲಗಿದರೆ ಲೈ-ಲೇ-ಲೇನ್. ಏನನ್ನಾದರೂ ಇಟ್ಟರೆ ಲೇ-ಲೇಡ್-ಲೇಡ್. ಒಂದರ ವಿ-2 ಇನ್ನೊಂದರ ವಿ-1 ಆಗಿರುವುದರಿಂದ ಇದು ಕಷ್ಟದ ಜೋಡಿ. 'ಏನನ್ನು?' ಎಂದು ಕೇಳಿ. ಉತ್ತರ ಇದ್ದರೆ ಲೇಡ್: 'ಲೇಡ್ ದ ಫೌಂಡೇಶನ್ ಸ್ಟೋನ್'. ಇದೇ ಪ್ರಶ್ನೆ ರೈಸ್-ರೋಸ್-ರಿಸನ್ ಮತ್ತು ರೇಸ್-ರೇಸ್ಡ್-ರೇಸ್ಡ್ ಜೋಡಿಗೂ ಸಾಕು. ಬೆಲೆ ತಾನೇ ಏರಿದರೆ ರೋಸ್, ಯಾರಾದರೂ ಬೆಲೆ ಏರಿಸಿದರೆ ರೇಸ್ಡ್.

## ಹಂತ 6: ಸ್ಪೆಲಿಂಗ್ ನೋಡಿ ಓದಬೇಡಿ

ಕಣ್ಣಿಗೆ ಕಾಣುವುದೇ ಬೇರೆ, ಕಿವಿಗೆ ಕೇಳುವುದೇ ಬೇರೆ. 'ಸೇ'ಯ ವಿ-2 ಸೆಡ್, ಸೇಡ್ ಅಲ್ಲ. 'ರೀಡ್' ಮೂರೂ ಕಡೆ ಒಂದೇ ಸ್ಪೆಲಿಂಗ್, ಆದರೆ ವಿ-2 ಮತ್ತು ವಿ-3 ಓದುವಾಗ ರೆಡ್. ಮೀನ್ ಮೆಂಟ್ ಆಗುತ್ತದೆ, ಹಿಯರ್ ಹರ್ಡ್ ಆಗುತ್ತದೆ. ಡ್ರೈವ್‌ನ ವಿ-3 ಡ್ರಿವನ್, ಡ್ರೈವನ್ ಅಲ್ಲ. ವಿನ್ ಎಂಬುದರ ವಿ-2 ವನ್, ಒಂದು ಎಂಬ ಅರ್ಥದ ಪದದ ಹಾಗೇ ಕೇಳಿಸಬೇಕು. ಅನುಮಾನ ಬಂದರೆ ಆ್ಯಪ್‌ನಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳಿ, ಜೋರಾಗಿ ಹೇಳಿ.

## ಹಂತ 7: ಪ್ಯಾಸಿವ್ ಮತ್ತು ವಿಶೇಷಣ

ಮಾಡಿದವರಿಗಿಂತ ಆದದ್ದು ಮುಖ್ಯವಾದಾಗ ಪ್ಯಾಸಿವ್ ಬರುತ್ತದೆ. 'ಮೈ ಫೋನ್ ವಾಸ್ ಸ್ಟೋಲನ್', 'ಪೇಡಾ ಈಸ್ ಮೇಡ್ ಫ್ರಮ್ ಮಿಲ್ಕ್', 'ಗಂಗೂಬಾಯಿ ಹಾನಗಲ್ ವಾಸ್ ಬಾರ್ನ್ ಇನ್ ಧಾರವಾಡ ಇನ್ 1913'. ಅರ್ಜಿ, ದೂರು, ವರದಿ ಬರೆಯುವವರಿಗೆ ಇದು ದಿನವೂ ಬೇಕು. 'ವಾಸ್ ಸ್ಟೋಲ್', 'ವಾಸ್ ರೋಟ್' ಎಂದು ಬರೆದಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ.

ಹುಟ್ಟಿದ ವರ್ಷ ಹೇಳುವಾಗ 'ವಾಸ್' ಬಿಡಬೇಡಿ. 'ಐ ಬಾರ್ನ್ ಇನ್ ಗದಗ' ತಪ್ಪು. 'ಐ ಆ್ಯಮ್ ಬಾರ್ನ್' ಕೂಡ ತಪ್ಪು. ಇಂಟರ್‌ವ್ಯೂನಲ್ಲಿ ಪರಿಚಯ ಹೇಳುವ ಮೊದಲ ಸಾಲೇ ಇದಾಗಿರುತ್ತದೆ, ಅಲ್ವಾ?

ವಿಶೇಷಣ ನಮಗೆ ಸುಲಭ. 'ಮುರಿದ ಕುರ್ಚಿ' ಎನ್ನುವಲ್ಲಿ 'ಬ್ರೋಕನ್ ಚೇರ್', 'ಬರೆದ ಪತ್ರ' ಎನ್ನುವಲ್ಲಿ 'ರಿಟನ್ ಲೆಟರ್'. ನಾಮಪದದ ಮುಂಚೆ ಬರುವುದು ವಿ-3, ವಿ-2 ಎಂದಿಗೂ ಅಲ್ಲ.

## ಹಂತ 8: ಒಂದೇ ದಿನವನ್ನು ಮೂರು ಸಲ ಹೇಳಿ

ರಾತ್ರಿ ಮಲಗುವ ಮುಂಚೆ ಫೋನ್‌ನಲ್ಲಿ ರೆಕಾರ್ಡ್ ಒತ್ತಿ ನಿಮ್ಮ ದಿನವನ್ನು ಇಂಗ್ಲಿಷ್‌ನಲ್ಲಿ ಹೇಳಿ.

ಮೊದಲ ಸುತ್ತು ಬರೀ ವಿ-2: ಐ ಡ್ರ್ಯಾಂಕ್ ಟೀ. ಐ ಏಟ್ ಗಿರಮಿಟ್. ಐ ಟುಕ್ ದ ಚಿಗರಿ ಬಸ್. ಐ ಮೆಟ್ ಎ ಫ್ರೆಂಡ್ ಇನ್ ನವನಗರ. ಐ ಬಾಟ್ ಎ ಬುಕ್.

ಎರಡನೇ ಸುತ್ತು ಅದೇ ವಾಕ್ಯಗಳು ಡಿಡ್ ನಾಟ್ ಜೊತೆ: ಐ ಡಿಡ್ ನಾಟ್ ಡ್ರಿಂಕ್, ಐ ಡಿಡ್ ನಾಟ್ ಈಟ್, ಐ ಡಿಡ್ ನಾಟ್ ಟೇಕ್.

ಮೂರನೇ ಸುತ್ತು ಹ್ಯಾವ್ ನೆವರ್ ಜೊತೆ: ಐ ಹ್ಯಾವ್ ನೆವರ್ ಡ್ರಂಕ್, ಐ ಹ್ಯಾವ್ ನೆವರ್ ಈಟನ್, ಐ ಹ್ಯಾವ್ ನೆವರ್ ಟೇಕನ್.

ವಾಕ್ಯ ನಿಜವಾಗಿರಬೇಕಿಲ್ಲ. ಒಂದೇ ಕ್ರಿಯಾಪದ ಮೂರು ಸುತ್ತಿನಲ್ಲಿ ಮೂರು ರೂಪ ತಾಳುವುದು ನಾಲಿಗೆಗೆ ಒಗ್ಗಬೇಕು, ಅಷ್ಟೇ. ಮರುದಿನ ಬೆಳಗ್ಗೆ ರೆಕಾರ್ಡಿಂಗ್ ಕೇಳಿ. ಹೇಳುವಾಗ ಗೊತ್ತಾಗದ ತಪ್ಪು ಕೇಳುವಾಗ ಗೊತ್ತಾಗುತ್ತದೆ.

## ಕೆಂಪು ಗುರುತು ಹಾಕಬೇಕಾದ ಜಾಗಗಳು

ಬರೆದದ್ದನ್ನು ತಿದ್ದುವಾಗ ಎಲ್ಲವನ್ನೂ ಓದುತ್ತಾ ಕೂರಬೇಡಿ. ಇವನ್ನು ಮಾತ್ರ ಹುಡುಕಿ.

1. ಡಿಡ್ ಇರುವ ಪ್ರತಿ ವಾಕ್ಯ. ಅದರ ಬಲಕ್ಕೆ ವಿ-1 ಬಿಟ್ಟು ಬೇರೆ ಇದ್ದರೆ ಹೊಡೆದುಹಾಕಿ.
2. ಹ್ಯಾವ್, ಹ್ಯಾಸ್, ಹ್ಯಾಡ್ ಬಲಕ್ಕೆ ವೆಂಟ್, ಸಾ, ಕೇಮ್, ಏಟ್, ಟುಕ್, ರೋಟ್, ಬ್ರೋಕ್, ಗೇವ್ ಇದ್ದರೆ ತಪ್ಪು.
3. ಸೀನ್, ಡನ್, ಗಾನ್ ಎಡಕ್ಕೆ ಸಹಾಯಕ ಪದವೇ ಇಲ್ಲದಿದ್ದರೆ ತಪ್ಪು.
4. ಹ್ಯಾವ್ ಇರುವ ವಾಕ್ಯದಲ್ಲಿ ಯೆಸ್ಟರ್‌ಡೇ, ಅಗೋ ಅಥವಾ ಕಳೆದುಹೋದ ಇಸವಿ ಇದ್ದರೆ ವಿ-2ಕ್ಕೆ ಬದಲಿಸಿ.
5. ಒಂದೇ ಪುಟದಲ್ಲಿ ಹ್ಯಾಡ್ ಮೇಲಿಂದ ಮೇಲೆ ಬಂದಿದ್ದರೆ 'ಅಷ್ಟೊತ್ತಿಗಾಗಲೇ' ಪರೀಕ್ಷೆ ಮಾಡಿ. ಹೆಚ್ಚಿನವು ಉದುರಿಹೋಗುತ್ತವೆ.

ಗೆಟ್‌ನ ವಿ-3 ಬಗ್ಗೆ ಬಹಳ ಜನ ಕೇಳುತ್ತಾರೆ. ಬ್ರಿಟಿಷ್ ಬಳಕೆಯಲ್ಲಿ ಗಾಟ್, ಅಮೆರಿಕದಲ್ಲಿ ಗಾಟನ್. ನಮ್ಮ ಪಠ್ಯಪುಸ್ತಕಗಳು ಬ್ರಿಟಿಷ್ ರೂಪ ಹಿಡಿದಿರುವುದರಿಂದ ಪರೀಕ್ಷೆಯಲ್ಲಿ ಗಾಟ್ ಬರೆಯಿರಿ. ಬರ್ನ್ಟ್, ಬರ್ನ್ಡ್ ಮತ್ತು ಲರ್ನ್ಟ್, ಲರ್ನ್ಡ್ ಎರಡೆರಡೂ ಸರಿ. ಆದರೆ ಒಂದೇ ಉತ್ತರದಲ್ಲಿ ಎರಡನ್ನೂ ಬೆರೆಸಬೇಡಿ.